ಎಪ್ಪತ್ತು ಮೀಟರಿನ ಜಸೀಲಾ

ನಾನು ಎಲ್ಲಿ ನಡೆದೆ, ಎಲ್ಲಿ ಕೂತೆ, ಎಲ್ಲಿ ದಾರಿ ತಪ್ಪಿ ಹಿಂದೆ ಬಂದೆ ಎಂದು ಬೆರಳಿಟ್ಟು ಕೇಳಿದವಳು ಈ ಭೂಮಿಯ ಮೇಲೆ ಒಬ್ಬಳೇ. ನನ್ನ ಹೆಂಡತಿ ಎಂದುಕೊಳ್ಳಬೇಡಿ, ಆಕೆಗೆ ಅಷ್ಟು ಪುರುಸೊತ್ತಿಲ್ಲ. ನಾನು ಹೇಳಹೊರಟದ್ದು ವಾಮದಪದವಿನ ಜಸೀಲಾಳ ಸಂಗತಿ.

2005ರಲ್ಲಿ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ, ಜಿನೇಶ್ ಎಂಬವರು ನಕ್ಷೆ ಮಾಡುವ ಆಫೀಸು ಇಟ್ಟಿದ್ದರು. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಹಳ್ಳಿಯ ದಾರಿಗಳನ್ನೆಲ್ಲ ಅಳೆದು, ಕಂಪ್ಯೂಟರಿಗೆ ಹಾಕಿ, ಹಾಳೆ ಹಾಳೆಯಾಗಿ ಪಂಚಾಯತುಗಳಿಗೆ ಕೊಡುವ ಗುತ್ತಿಗೆ. ನಾನು, ಶಿರ್ತಾಡಿಯ ಸುಧಾಕರ, ಅದರಲ್ಲಿ ನಡೆಯುವವ. ಅಂಗೈ ಗಾತ್ರದ ಜಿಪಿಎಸ್ ಯಂತ್ರವನ್ನು ಟೋಪಿಯ ಮೇಲೆ ಕಟ್ಟಿಕೊಂಡು, ಬೈಕು ಹೋಗುವಲ್ಲಿ ಬೈಕಿನಲ್ಲಿ, ಹೋಗದಲ್ಲಿ ಕಾಲಿನಲ್ಲಿ ಹೋಗುವುದು ನನ್ನ ಕೆಲಸ. ಯಂತ್ರ ಐದು ಸೆಕೆಂಡಿಗೊಮ್ಮೆ ಆಕಾಶದ ಉಪಗ್ರಹಗಳನ್ನು ವಿಚಾರಿಸಿ ನಾನಿರುವ ಜಾಗಕ್ಕೆ ಒಂದು ಚುಕ್ಕಿ ಇಡುತ್ತದೆ. ಸಂಜೆ ಆ ಚುಕ್ಕಿಗಳೆಲ್ಲ ಗೆರೆಯಾಗಿ ಜಸೀಲಾಳ ಪರದೆಯ ಮೇಲೆ ಬೀಳುತ್ತವೆ. ಗೆರೆಯ ಕೊಳೆ ತೆಗೆದು ತುದಿಗೆ ತುದಿ ಜೋಡಿಸುವುದು ಅವಳ ಕೆಲಸ. ನಮ್ಮ ಆಫೀಸಿನಲ್ಲಿ ಅದಕ್ಕೆ ತೊಳೆಯುವುದೆಂದೇ ಹೆಸರು.

ಕೊಳೆಯಲ್ಲಿ ಮುಕ್ಕಾಲು ಪಾಲು ನನ್ನದು. ನಮ್ಮ ಕಡೆ ಅಂಗಳಕ್ಕೆ ಬಂದವನಿಗೆ ನೀರು ಬೆಲ್ಲ ಕೊಡದೆ ಕಳಿಸುವ ಕ್ರಮವಿಲ್ಲ. ಕೊಟ್ಟದ್ದನ್ನು ಬೇಡವೆನ್ನುವ ಕ್ರಮವೂ ಇಲ್ಲ. ನಾನು ಜಗಲಿಯಲ್ಲಿ ಕೂತರೂ ಯಂತ್ರ ಸುಮ್ಮನೆ ಕೂರುವುದಿಲ್ಲ, ಚುಕ್ಕಿ ಇಡುತ್ತಲೇ ಇರುತ್ತದೆ. ಒಂದೇ ಜಾಗದಲ್ಲಿದ್ದರೆ ಅದಕ್ಕೆ ಅತ್ತಿತ್ತ ಅಲ್ಲಾಡುವ ಚಟ ಬೇರೆ. ಹತ್ತು ನಿಮಿಷ ಕೂತೆನೆಂದರೆ ಪರದೆಯ ಮೇಲೆ ಸಿಕ್ಕುಬಿದ್ದ ನೂಲಿನ ಗಂಟು. ಜಸೀಲಾ ಅದಕ್ಕೆ ‘ಬೆಲ್ಲ’ ಎಂದು ಹೆಸರಿಟ್ಟಿದ್ದಳು.

“ಸುಧಾಕರಣ್ಣ, ಈ ಹಾಳೆ ಒಂದರಲ್ಲೇ ಹದಿನಾಲ್ಕು ಬೆಲ್ಲ ಉಂಟು. ನಿಮಗೆ ಶುಗರ್ ಬರ್ಲಿಕ್ಕೆ ಹೆಚ್ಚು ದಿನ ಇಲ್ಲ.”

ಇನ್ನೊಂದು ದಿನ ಚಾರ್ಮಾಡಿಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ಯಂತ್ರ ಆರಿಸಲು ಮರೆತೆ. ಮರುದಿನ ಹೆಜ್ಜೆ ಒಳಗಿಡುವ ಮೊದಲೇ ಶುರು. “ನಿನ್ನೆ ಬಸ್ಸಿನಲ್ಲಿ ಒಳ್ಳೆ ನಿದ್ದೆಯಾ? ಬೆಳ್ತಂಗಡಿಯಲ್ಲಿ ಇಳಿಯುವವರು ಗುರುವಾಯನಕೆರೆಗೆ ಹೋಗಿ ತಿರುಗಿ ಬಂದಿದ್ದೀರಿ.” ಆಫೀಸಿಡೀ ನಕ್ಕಿತು. ನನಗೆ ಸಿಟ್ಟು ಬಂತು, ಆದರೆ ಸುಳ್ಳೇನೂ ಅಲ್ಲವಲ್ಲ.

ತೊಳೆಯುವುದಕ್ಕೆ ಕಂಪ್ಯೂಟರಿನಲ್ಲಿಯೇ ಒಂದು ಬಟನ್ ಇತ್ತು. ಒಂದು ತುದಿ ಯಾವುದಕ್ಕೂ ತಾಗದೆ ನೇತಾಡುವ, ನೂರು ಮೀಟರಿಗಿಂತ ಚಿಕ್ಕ ಗೆರೆ ಇದ್ದರೆ ಅದು ‘ಬಾಲ’, ಕತ್ತರಿಸು. ಎರಡು ತುದಿಗಳ ನಡುವೆ ಇಪ್ಪತ್ತು ಮೀಟರಿನೊಳಗೆ ಅಂತರವಿದ್ದರೆ ಜೋಡಿಸು, ಹೆಚ್ಚಿದ್ದರೆ ಮುಟ್ಟಬೇಡ. ಎಲ್ಲಿಗೂ ತಾಗದೆ ನಡುವೆ ಬಿದ್ದ ಗೆರೆ ಅನಾಥ, ಅದನ್ನೂ ತೆಗೆ. ಇಷ್ಟು ಹೇಳಿ ಬಟನ್ ಒತ್ತಿದರೆ ಅರ್ಧ ನಿಮಿಷದಲ್ಲಿ ಇಡೀ ಗ್ರಾಮ ತೊಳೆದು ಮಡಿ. ಜಸೀಲಾ ಮಾತ್ರ ಆ ಬಟನ್ ಒತ್ತುತ್ತಿರಲಿಲ್ಲ. ಒಂದೊಂದು ಬಾಲವನ್ನೂ ದೊಡ್ಡದು ಮಾಡಿ ನೋಡುವಳು. ನನ್ನನ್ನು ಕರೆದು, ಇದರ ಕೊನೆಯಲ್ಲಿ ಯಾರುಂಟು, ಮನೆಯಾ, ಬಾವಿಯಾ ಎಂದು ಕೇಳುವಳು. ಆಮೇಲೆ ಅಳಿಸುವಳು, ಇಲ್ಲವೇ ಉಳಿಸುವಳು.

ಜಿನೇಶರಿಗೆ ಇದರಿಂದ ತಲೆಬಿಸಿ. “ದಿನಕ್ಕೆ ನಾಲ್ಕು ಹಾಳೆ ಆಗುವಲ್ಲಿ ನಿನ್ನದು ಒಂದೂವರೆ. ಬಟನ್ ಎಂತಕ್ಕೆ ಇರುವುದು?”

“ಸರ್, ಬಾಲ ಯಾವುದು, ಕಾಲು ಯಾವುದು ಅಂತ ಬಟನಿಗೆ ಗೊತ್ತಾಗುದಿಲ್ಲ.”

ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಜಸೀಲಾ ಚಿಕ್ಕಂದಿನಿಂದಲೇ ಆ ಕೆಂಡದ ಮೇಲೆ ನಡೆದವಳು. ತಂದೆ ಅಬ್ದುಲ್ ರವೂಫ್ ವಾಮದಪದವಿನ ಪೇಟೆಯಲ್ಲಿ ಕೊಡೆ, ಚಪ್ಪಲಿ ರಿಪೇರಿ ಮಾಡುತ್ತಿದ್ದರು. ತಾಯಿ ಆಯಿಶಮ್ಮ ಬೀಡಿ ಕಟ್ಟುತ್ತಿದ್ದರು. ಜಸೀಲಾಳೂ ಶಾಲೆಯಿಂದ ಬಂದು ಎಲೆ ಕತ್ತರಿಸಿ ಕೂರುವಳು. 1996ರಲ್ಲಿ ಅವಳಿಗೆ ಹದಿನಾಲ್ಕು. ಆಗ ಕಟ್ಟಿದ ಬೀಡಿ ಒಪ್ಪಿಸಿಕೊಳ್ಳುವ ಕಂಪನಿಯ ಬ್ರಾಂಚಿನಲ್ಲಿದ್ದ ಚೆಕ್ಕರ್ ಪ್ರತಿ ದಿನ ಆಯಿಶಮ್ಮನ ಬೀಡಿಯಲ್ಲಿ ಹಿಡಿಯಷ್ಟನ್ನು ಚಂದ ಇಲ್ಲವೆಂದು ಬದಿಗೆ ಹಾಕುತ್ತಿದ್ದ. ಹಾಗೆ ಬದಿಗೆ ಬಿದ್ದ ಬೀಡಿ ಸಂಜೆ ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆಂದು ಊರಿಗೆಲ್ಲ ಗೊತ್ತು, ಹೇಳುವವರಿಲ್ಲ. ಒಂದು ದಿನ ತಾಯಿಯ ಬದಲು ಮಗಳು ಹೋದಳು. ಬದಿಗೆ ಹಾಕಿದ ಬೀಡಿಗಳ ಮೇಲೆ ಕೈ ಇಟ್ಟು, “ಬಿಸಾಡುವುದಾದರೆ ನನ್ನ ಎದುರೇ ಮುರಿದು ಬಿಸಾಡಿ” ಎಂದಳು. ಚೆಕ್ಕರ್ ಬೈದ, ನಾಳೆಯಿಂದ ಎಲೆ ಕೊಡುವುದಿಲ್ಲವೆಂದ. ಅವಳು ಕೈ ತೆಗೆಯಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಅದನ್ನೇ ಹೇಳತೊಡಗಿದರು. ಮುರಿಯಬೇಕಾಗಿ ಬಂದ ಮೇಲೆ ಆಯಿಶಮ್ಮನ ಬೀಡಿಯಲ್ಲಿ ಹುಳುಕು ಕಾಣುವುದು ನಿಂತಿತು.

ಇಂಥವಳಿಗೆ ಕಂಪ್ಯೂಟರ್ ಸಿಕ್ಕಿದ್ದು ಆಯಿಶಮ್ಮನ ತಮ್ಮ ಅಬ್ದುಲ್ ನಾಸಿರನಿಂದ. ದುಬೈಯ ಆಫೀಸಿನಲ್ಲಿ ತೆಗೆದುಹಾಕಿದ್ದ ಒಂದು ಕಂಪ್ಯೂಟರನ್ನು ಅವನು ರಜೆಗೆ ಬರುವಾಗ ಅಕ್ಕನ ಮಗಳಿಗೆ ತಂದುಕೊಟ್ಟ. ಪಿಯುಸಿ ಮುಗಿಸಿದ್ದ ಹುಡುಗಿ ಅದರಲ್ಲಿ ಕೂತೇ ಎಲ್ಲ ಕಲಿತಳು. ನಾಸಿರ್ ಮಾಮ ಎಂದರೆ ಆ ಮನೆಯಲ್ಲಿ ಎರಡು ಮಾತಿಲ್ಲ. ಈ ಕಥೆಯಲ್ಲಿ ಅವನು ಕೆಟ್ಟವನೆಂದು ಯಾರೂ ಅಂದುಕೊಳ್ಳಬೇಡಿ. ಅವನಿಗೆ ಗೋಡೆ ಬೇಕಾಗಿತ್ತು, ಅಷ್ಟೆ.

ವಾಮದಪದವಿನಿಂದ ಸ್ವಲ್ಪ ಒಳಗೆ ನೆಕ್ಕರೆಮಾರು ಎಂಬ ಒಂಬತ್ತು ಮನೆಗಳ ಜಾಗವಿದೆ. ಡಾಮರು ರಸ್ತೆಯಿಂದ ಎಂಬತ್ತು ಮೀಟರ್ ಗುಡ್ಡೆಯ ದಾರಿ. ಆಮೇಲೆ ರಬ್ಬರ್ ತೋಟದ ಬೇಲಿ. ಬೇಲಿಯಲ್ಲಿ ತಡಮೆ, ಎಂದರೆ ದನ ನುಗ್ಗದಂತೆ, ಮನುಷ್ಯರು ಮಾತ್ರ ಹತ್ತಿ ದಾಟುವಂತೆ ಮರದ ಮೆಟ್ಟಿಲಿಟ್ಟ ಕಿಂಡಿ. ತೋಟದೊಳಗೆ ಎಪ್ಪತ್ತು ಮೀಟರ್ ನಡೆದರೆ ಆಚೆ ಬದಿಯಲ್ಲಿ ಇನ್ನೊಂದು ತಡಮೆ, ಹುಣಿ ಎನ್ನುವ ಗದ್ದೆಯ ಬದು, ತೋಡು ದಾಟುವ ಕಾಲುಸಂಕ, ಮತ್ತೆ ಮನೆಗಳು. ಇದು ಬಿಟ್ಟರೆ ಅವರಿಗೆ ಬಸ್ಸಿಗೆ ನಾಲ್ಕು ಕಿಲೋಮೀಟರ್ ಸುತ್ತು. ಮಳೆಗಾಲದಲ್ಲಿ ತೋಡು ಉಕ್ಕಿದರೆ ಆ ಸುತ್ತು ದಾರಿಯೂ ಇಲ್ಲ. ದುಬೈ ಬಿಟ್ಟು ಬಂದ ನಾಸಿರ್ 2004ರಲ್ಲಿ ಆ ರಬ್ಬರ್ ತೋಟವನ್ನು ಕೊಂಡು, ತಡಮೆಯ ಪಕ್ಕದಲ್ಲಿಯೇ ಮನೆ ಕಟ್ಟಿದ್ದ.

2006ರ ನವೆಂಬರಿನಲ್ಲಿ ನಾನು ಅಲ್ಲಿ ನಡೆದೆ. ನಡೆದದ್ದೇನೋ ಸರಿಯೇ, ಎಡವಟ್ಟು ಮಾಡಿದ್ದು ಬಾಯಿ. ನಮ್ಮಲ್ಲಿ ಇನ್ನೊಬ್ಬರ ತೋಟ ಹಾದುಹೋಗುವ ಯಾರೂ ಸುಮ್ಮನೆ ಹೋಗುವುದಿಲ್ಲ. ನೂರು ವರ್ಷ ನಡೆದ ದಾರಿಯಾದರೂ ಸರಿ, ಮನೆಯ ಕಡೆ ತಿರುಗಿ “ಹೋಗ್ತೇನೆ ಆಯ್ತಾ” ಎಂದು ಒಂದು ಕೂಗು ಹಾಕಬೇಕು. ಒಳಗಿಂದ “ಹೋಗಿ ಹೋಗಿ” ಎಂಬ ಉತ್ತರ ಬರಬೇಕು. ನಾನೂ ತಡಮೆಯ ಬುಡದಲ್ಲಿ ನಿಂತು, “ಸಾವುಕಾರ್ರೇ, ಹೀಗೆ ದಾಟಬಹುದಾ?” ಎಂದು ಕೇಳಿದೆ. ನಾಸಿರ್ ಕರೆದು ಜಗಲಿಯಲ್ಲಿ ಕೂರಿಸಿ ಲಿಂಬೆ ಶರಬತ್ತು ಕೊಟ್ಟ. ಕುಡಿದು ದಾಟಿದೆ. ಎಲ್ಲಿ ಏನು ಮಾಡಿದೆನೆಂದು ಬರೆದಿಡುವ ಫೀಲ್ಡ್ ಪುಸ್ತಕದಲ್ಲಿ, ನನ್ನ ಮರ್ಯಾದೆಗೆ ನಾನೇ ಮೆಚ್ಚಿ, “ಮಾಲಕರಲ್ಲಿ ಕೇಳಿ ದಾಟಿದೆ” ಎಂದು ದುಂಡಗೆ ಬರೆದೆ.

ದಾಕ್ಷಿಣ್ಯಕ್ಕೆ ಬಸುರಾಗಿ ಹೆರಲಿಕ್ಕೆ ಜಾಗ ಇಲ್ಲದ ಹಾಗಾಯಿತು ಎಂಬ ಗಾದೆ ಇದೆಯಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ್ದು.

ಸಂಜೆ ಜಸೀಲಾ ನನ್ನ ಗೆರೆ ತೆರೆದಳು. ರಬ್ಬರ್ ಎಲೆಯ ಕೆಳಗೆ ಯಂತ್ರಕ್ಕೆ ಉಪಗ್ರಹ ಸಿಕ್ಕಿರಲಿಲ್ಲ. ಒಳಗಿನ ಎಪ್ಪತ್ತು ಮೀಟರಿನಲ್ಲಿ ಒಂದು ಚುಕ್ಕಿಯೂ ಇಲ್ಲ. ರಸ್ತೆಯ ಕಡೆಗೆ ಎಂಬತ್ತು ಮೀಟರಿನ ಬಾಲ. ಆಚೆ, ಒಂಬತ್ತು ಮನೆ, ಒಂಬತ್ತು ಬೆಲ್ಲ ಇರುವ, ಎಲ್ಲಿಗೂ ತಾಗದ ಅನಾಥ ಗೆರೆ. ನಿಯಮದ ಪ್ರಕಾರ ಎರಡೂ ಹೋಗಬೇಕು. ಅವಳು ಎರಡನ್ನೂ ಹಾಗೆಯೇ ಬಿಟ್ಟು, ಪಕ್ಕದಲ್ಲಿ ಕೆಂಪು ಗುರುತು ಹಾಕಿಟ್ಟಳು.

ಜನವರಿಯಲ್ಲಿ ನಾಸಿರ್ ಆಫೀಸಿಗೇ ಬಂದ. ಕಾಂಪೌಂಡ್ ಗೋಡೆಗೆ ಕಲ್ಲು ಇಳಿಸಿಯಾಗಿತ್ತು. ನಕ್ಷೆಯಲ್ಲಿ ದಾರಿ ಇದ್ದರೆ ಪಂಚಾಯತ್ ಗೋಡೆಗೆ ಅಡ್ಡ ಬರುತ್ತದೆ, ಇಲ್ಲದಿದ್ದರೆ ಕೇಳುವವರಿಲ್ಲ. ಇದು ಅವನಿಗೂ ಗೊತ್ತು, ನಮಗೂ ಗೊತ್ತು. ಅವನು ಜಿನೇಶರ ಎದುರು ಕೂತು ಸಮಾಧಾನದಿಂದಲೇ ಹೇಳಿದ. “ಅದು ದಾರಿಯೇ ಅಲ್ಲ ಸರ್. ಪಾಪ ಅಂತ ನಾವು ಬಿಟ್ಟದ್ದು. ಯಾರು ಹೋಗುವುದಾದರೂ ಕೇಳಿಯೇ ಹೋಗುವುದು. ನಿಮ್ಮ ಸುಧಾಕರನೂ ಕೇಳಿಯೇ ಹೋದದ್ದು.”

ಜಿನೇಶ್ ನನ್ನ ಫೀಲ್ಡ್ ಪುಸ್ತಕ ತೆರೆದರು. ದುಂಡಗಿನ ಅಕ್ಷರ ಅಲ್ಲೇ ಇತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಅಲ್ಲಿಗೆ ಮುಗಿಯಿತು,” ಎಂದರು ಜಿನೇಶ್. “ಜಸೀಲಾ, ಅದನ್ನು ತೆಗೆದುಬಿಡು. ಹೇಗೂ ಗೆರೆ ಕೂಡುವುದಿಲ್ಲ.”

ನಾಸಿರ್ ಬ್ಯಾರಿ ಭಾಷೆಯಲ್ಲಿ ಅವಳಿಗೇನೋ ಹೇಳಿದ. ಅವಳು ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟಳು, ನಮಗೆಲ್ಲ ಕೇಳಲಿ ಎಂದು. “ಬಸ್ಸಿನಲ್ಲಿ ಸ್ವಲ್ಪ ಜರುಗಿ ಅಂತ ಕೇಳ್ತೇವೆ ಮಾಮ. ಹಾಗಂತ ಬಸ್ಸು ಕೂತವನದ್ದಾ?”

“ಕೇಳಿ ಹೋಗುವುದು ದಾರಿ ಅಲ್ಲ, ಉಪಕಾರ,” ಎಂದ ನಾಸಿರ್. ಆಮೇಲೆ ಅವನ ದನಿ ಸ್ವಲ್ಪ ಏರಿತು. “ನಾನು ಕೊಟ್ಟ ಕಂಪ್ಯೂಟರಿನಲ್ಲಿ ಕಲಿತವಳು ನೀನು. ನನ್ನ ತೋಟಕ್ಕೇ ಗೆರೆ ಎಳೆಯುವುದಾ?”

“ಕಂಪ್ಯೂಟರ್ ಕೊಟ್ಟದ್ದು ನೀವು ಮಾಮ. ಕಣ್ಣು ಕೊಟ್ಟದ್ದು ನೀವಲ್ಲ.”

ನಾಸಿರ್ ಎದ್ದು ಹೋದ. ಜಿನೇಶ್ ತಲೆ ಹಿಡಿದು ಕೂತರು. ಹಾಳೆ ಫೆಬ್ರವರಿ ಇಪ್ಪತ್ತೆಂಟಕ್ಕೆ ಪಂಚಾಯತಿಗೆ ಹೋಗಬೇಕು, ಅಷ್ಟರೊಳಗೆ ಗೆರೆ ಕೂಡಿದರೆ ಸರಿ, ಇಲ್ಲದಿದ್ದರೆ ತಾನೇ ಬಟನ್ ಒತ್ತುತ್ತೇನೆ ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಗಲಾಟೆ ಎಂದರೆ ಆಗದವರು. ನನ್ನ ಜಾತಿಯೇ.

ನಾನು ಮಾಡಿದ ತಪ್ಪು ನನಗೆ ಚುಚ್ಚುತ್ತಿತ್ತು. ಸಂಜೆ ಅವಳಿಗೆ ಉಪಾಯ ಹೇಳಿದೆ. “ಮೌಸಿನಲ್ಲಿ ಒಂದು ಗೆರೆ ಎಳೆದುಬಿಡು ಮಾರಾಯ್ತಿ. ಎಪ್ಪತ್ತು ಮೀಟರ್ ಅಲ್ವಾ, ಯಾರಿಗೆ ಗೊತ್ತಾಗ್ತದೆ?”

ಅವಳು ನನ್ನನ್ನು ನೋಡಿದ ರೀತಿಗೆ ನಾನು ಬೆಲ್ಲದ ಹಾಗೆ ಕರಗಿಹೋದೆ. “ಯಂತ್ರ ಕಾಣದ ಗೆರೆ ನಾನು ಎಳೆಯುವುದಿಲ್ಲ. ಸುಳ್ಳು ಗೆರೆ ಹಾಕಿದರೆ ಮಾಮ ಹೇಳಿದ್ದೇ ನಿಜ ಆಗ್ತದೆ. ಫೆಬ್ರವರಿಗೆ ಕಾಯುವ.”

“ಫೆಬ್ರವರಿಯಲ್ಲಿ ಎಂತ ಉಂಟು?”

“ನಿಮಗೆ ದಾರಿ ನೋಡಿ ಗೊತ್ತು, ಮರ ನೋಡಿ ಗೊತ್ತಿಲ್ಲ. ಫೆಬ್ರವರಿಯಲ್ಲಿ ರಬ್ಬರ್ ಬೋಳಾಗ್ತದೆ. ಎಲೆ ಪೂರಾ ಉದುರಿ ಆಕಾಶ ಕಾಣ್ತದೆ.”

ನಮ್ಮ ಶಿರ್ತಾಡಿಯಲ್ಲಿಯೂ ರಬ್ಬರ್ ಇದೆ. ಹುಟ್ಟಿದಂದಿನಿಂದ ನೋಡಿದ್ದೇನೆ, ಹೊಳೆದಿರಲಿಲ್ಲ.

ಅಲ್ಲಿಯವರೆಗೆ ಅವಳು ಸುಮ್ಮನಿರಲಿಲ್ಲ. ನೆಕ್ಕರೆಮಾರಿನ ಸೇಸಮ್ಮ ಪ್ರತಿದಿನ ಬೆಳಿಗ್ಗೆ ವಾಮದಪದವಿನ ಹಾಲಿನ ಸೊಸೈಟಿಗೆ ಹಾಲು ತರುವವರು. ಎಪ್ಪತ್ತರ ಹತ್ತಿರದ ಹೆಂಗಸು. ಮದುವೆಯಾಗಿ ಬಂದಂದಿನಿಂದ ನಲವತ್ತೆಂಟು ವರ್ಷ ಅದೇ ದಾರಿಯಲ್ಲಿ ನಡೆದವರು. ತೋಟ ಮೊದಲು ಗೇರುಗುಡ್ಡೆಯಾಗಿತ್ತಂತೆ, ಮೂರು ಮಾಲಕರು ಬದಲಾದರಂತೆ. ಮೂವರಿಗೂ ಅವರು ಕೂಗಿ ಹೇಳಿಯೇ ದಾಟಿದವರು. ಜಸೀಲಾ ಸೊಸೈಟಿಯ ಮುಂದೆ ಅವರನ್ನು ಹಿಡಿದು, “ಅಜ್ಜಿ, ಇನ್ನು ಮೇಲೆ ಕೇಳ್ಬೇಡಿ. ಕೇಳಿದ್ದಕ್ಕೇ ಅದು ದಾರಿ ಅಲ್ಲ ಅಂತ ಹೇಳ್ತಾರೆ” ಎಂದಳು.

ಸೇಸಮ್ಮನಿಗೆ ಅದು ತಲೆಗೆ ಹೋಗಲಿಲ್ಲ. “ಕೇಳದೆ ನುಗ್ಗಲಿಕ್ಕೆ ನಾನೆಂತ ದನವಾ?” ಎಂದು ಕ್ಯಾನು ಎತ್ತಿಕೊಂಡು ಹೋದರು.

ಮನೆಯಲ್ಲಿ ಆಯಿಶಮ್ಮನ ಕಣ್ಣೀರು ಬೇರೆ. ಉಪ್ಪುಂಡ ಮನೆಗೆ ಎರಡು ಬಗೆಯುತ್ತೀಯಾ ಎಂದು ಮಗಳನ್ನು ಕೇಳುತ್ತಿದ್ದರಂತೆ. ಜಸೀಲಾ ಈ ವಿಷಯ ನನಗೆ ಹೇಳುವಾಗ ಮೊದಲ ಸಲ ಅವಳ ದನಿ ಸಣ್ಣದಾದದ್ದನ್ನು ಕೇಳಿದೆ. ಬೇಜಾರಾಯಿತು. ಬಿಟ್ಟುಬಿಡು ಎನ್ನಲು ಬಾಯಿ ತೆರೆದೆ. ಆದರೆ ಅವಳು ಮರುಕ್ಷಣವೇ, “ಉಮ್ಮನಿಗೆ ತಮ್ಮ ಇದ್ದಾನೆ. ಆ ಒಂಬತ್ತು ಮನೆಗೆ ಯಾರಿದ್ದಾರೆ?” ಎಂದಳು.

ಫೆಬ್ರವರಿಯ ಮೂರನೇ ಭಾನುವಾರ ನಾವಿಬ್ಬರೂ ಹೋದೆವು. ಈ ಸಲ ಯಂತ್ರ ಅವಳ ಕೈಯಲ್ಲಿ. ಗುಡ್ಡೆ ಹತ್ತುತ್ತಿದ್ದಂತೆ ತೋಟ ಕಾಣಿಸಿತು. ಮರಗಳೆಲ್ಲ ಬರೀ ಕೊಂಬೆ, ನೆಲದಲ್ಲಿ ಪಾದ ಮುಚ್ಚುವಷ್ಟು ತರಗೆಲೆ. ಯಂತ್ರದಲ್ಲಿ ಎಂಟು ಉಪಗ್ರಹ ಬಂದಿದ್ದವು. ಬೇಲಿಯುದ್ದಕ್ಕೂ ಕೆಂಪು ಕಲ್ಲು ಪೇರಿಸಿಟ್ಟಿತ್ತು. ತಡಮೆಯ ಆಚೆ, ಮೆಟ್ಟಿಲಿಗೆ ಅಡ್ಡವಾಗಿ, ನಾಸಿರ್ ನಿಂತಿದ್ದ.

“ಬಾ,” ಎಂದ ಸೊಸೆಗೆ. “ಬೇಡ ಅಂತ ಹೇಳುವವನಲ್ಲ ನಾನು. ಹೋಗ್ತೇನೆ ಮಾಮ ಅಂತ ಒಂದು ಮಾತು ಕೇಳು. ಹೋಗು.”

ಒಂದೇ ಮಾತು. ಕೇಳಿದರೆ ಗೆರೆ ಸಿಗುತ್ತದೆ, ಕೇಳಿದ ಗೆರೆ ದಾರಿಯಾಗುವುದಿಲ್ಲ. ಕೇಳದಿದ್ದರೆ ಗೆರೆಯೇ ಇಲ್ಲ. ಎರಡು ದುಬಾರಿ ಗುಣ ಆ ಮಾಮ ಸೊಸೆ ಇಬ್ಬರಿಗೂ ಇತ್ತು, ಹಟ ಮತ್ತು ಬುದ್ಧಿ.

“ಕೇಳುವುದಿಲ್ಲ,” ಎಂದಳು ಜಸೀಲಾ.

“ಹಾಗಾದ್ರೆ ನಿಂತಿರು.”

ಅವಳು ನಿಂತಳು. ಅವನೂ ನಿಂತ. ಬೆಳಗಿನ ಒಂಬತ್ತು ಗಂಟೆ ಆಗಿತ್ತು. ನಾನು ಇಬ್ಬರ ನಡುವೆ ನೋಡುತ್ತಾ, ನಿಮಗೆ ಹೇಳಿದರೇನು ನಾಚಿಕೆ, ಒಂದು ಸಲ “ಸಾವುಕಾರ್ರೇ” ಎಂದು ಬಾಯಿ ತೆರೆದೇಬಿಟ್ಟೆ. ಜಸೀಲಾ ತಿರುಗಿ ನೋಡಿದಳು. ಉಳಿದ ಮಾತನ್ನು ನುಂಗಿದೆ. ಅರ್ಧ ಗಂಟೆ ಹೋಯಿತು. ಬಿಸಿಲು ಬೋಳು ಮರಗಳ ನಡುವಿನಿಂದ ನೇರ ತಲೆಗೆ ಬೀಳುತ್ತಿತ್ತು.

ಆಗ ಹಾಲಿನ ಸೊಸೈಟಿಯಿಂದ ಸೇಸಮ್ಮ ಖಾಲಿ ಕ್ಯಾನು ಹಿಡಿದು ಗುಡ್ಡೆ ಹತ್ತಿ ಬಂದರು. ನಮ್ಮನ್ನು ನೋಡಿ ನಿಂತರು. ಅಭ್ಯಾಸದಂತೆ ಮನೆಯ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ನಾಸಿರನೇ ಮೆಟ್ಟಿಲು ಬಿಟ್ಟು ಬದಿಗೆ ಸರಿದ.

“ಹೋಗಿ ಸೇಸಮ್ಮ, ಹೋಗಿ. ನೀವು ಕೇಳುವ ಮೊದಲೇ ಕೊಟ್ಟೆ. ನೋಡು ಜಸೀಲಾ, ಇವರನ್ನು ನೋಡಿ ಕಲಿ. ನಾನು ಬಂದ ಮೇಲೆ ಒಂದು ದಿನ ನನ್ನನ್ನು ಕೇಳದೆ ಕಾಲಿಟ್ಟವರಲ್ಲ. ನಾನು ಬಿಟ್ಟೆ, ಇವರು ಹೋದರು. ಅಷ್ಟೇ ವಿಷಯ.”

ಸೇಸಮ್ಮ ಅವನ ಮುಖವನ್ನೇ ನೋಡಿದರು. ಜಸೀಲಾ ಸೊಸೈಟಿಯ ಮುಂದೆ ಹೇಳಿದಾಗ ತಲೆಗೆ ಹೋಗದ ವಿಷಯ ಈಗ ಹೋಯಿತು. ತನ್ನ ಬಾಯಿಂದ ಬಂದ ಒಳ್ಳೆಯ ಮಾತನ್ನೇ ಇವನು ತನ್ನ ಕಾಲಿಗೆ ಹಗ್ಗ ಮಾಡಿದ್ದಾನೆ ಎಂದು ಆ ಮುಖದಲ್ಲಿ ಬರೆದ ಹಾಗೆ ಕಂಡಿತು. ಅವರು ಕ್ಯಾನನ್ನು ತಡಮೆಯ ಆಚೆ ಇಟ್ಟರು. ಸೀರೆ ಎತ್ತಿ ಹಿಡಿದು ಮೂರು ಮೆಟ್ಟಿಲು ಹತ್ತಿದರು, ಇಳಿದರು. ಒಂದು ಮಾತಿಲ್ಲ. ತರಗೆಲೆಯ ಮೇಲೆ ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತರು.

“ಇಷ್ಟು ವರ್ಷ ಕೇಳಿದ್ದು ನಿಮ್ಮ ಮರ್ಯಾದೆಗೆ ಸಾವುಕಾರ್ರೇ, ದಾರಿಗೆ ಅಲ್ಲ.” ಆಮೇಲೆ ಜಸೀಲಾಳ ಕಡೆ ನೋಡಿ, “ಬಾ ಮಗಾ. ಎಂತ ನಿಂತದ್ದು?” ಎಂದರು.

ಜಸೀಲಾ ತಡಮೆ ಹತ್ತಿದಳು. ನಾಸಿರ್ ಬದಿಗೆ ಸರಿದವನು ಮತ್ತೆ ಅಡ್ಡ ಬರಲು ಒಂದು ಹೆಜ್ಜೆ ಇಟ್ಟ. ಆದರೆ ಆ ಮುದುಕಿ ಅಲ್ಲೇ ನಿಂತು ಅವನನ್ನು ನೋಡುತ್ತಿದ್ದರು. ಅವನು ಹೆಜ್ಜೆ ಹಿಂದೆ ತೆಗೆದ. ಕೊನೆಗೆ ನಾನು ದಾಟಿದೆ. ಬದುಕಿನಲ್ಲಿ ಮೊದಲ ಸಲ ಒಬ್ಬರ ತೋಟವನ್ನು ಬಾಯಿ ಮುಚ್ಚಿಕೊಂಡು ದಾಟಿದೆ. ಒಂದು ಗೆರೆ ಸಾಕಾಗುವುದಿಲ್ಲ, ಎರಡು ಸಲ ನಡೆದು ಎರಡೂ ಹೊಂದಬೇಕು ಎಂಬುದು ಆಫೀಸಿನ ನಿಯಮ. ಸೇಸಮ್ಮನ ಮನೆಯವರೆಗೆ ಹೋಗಿ, ಬೆಲ್ಲ ನೀರು ಕುಡಿದು, ಹಾಗೆಯೇ ತಿರುಗಿ ಬಂದೆವು. ಬರುವಾಗ ನಾಸಿರ್ ಅಲ್ಲಿರಲಿಲ್ಲ, ಮನೆಯ ಬಾಗಿಲು ಹಾಕಿತ್ತು.

ಸೋಮವಾರ ಜಿನೇಶ್ ಅವಳ ಕುರ್ಚಿಯ ಹಿಂದೆ ನಿಂತರು. ಹೋಗುವಾಗಿನ ಗೆರೆ, ಬರುವಾಗಿನ ಗೆರೆ ಎರಡನ್ನೂ ಒಂದರ ಮೇಲೊಂದು ಹಾಕಿದಳು. ಎರಡು ಮೀಟರಿನ ವ್ಯತ್ಯಾಸವೂ ಇರಲಿಲ್ಲ. ತಡಮೆಯ ಬಳಿ ಅರ್ಧ ಗಂಟೆ ನಿಂತದ್ದಕ್ಕೆ ದೊಡ್ಡದೊಂದು ಗಂಟು ಬಿದ್ದಿತ್ತು, ಚುಕ್ಕಿ ಚುಕ್ಕಿಯಾಗಿ ಬಿಡಿಸಿದಳು. ರಸ್ತೆಯ ಬಾಲದ ತುದಿಯನ್ನು ಹೊಸ ಗೆರೆಯ ತುದಿಗೆ ಎಳೆದು ಮುಟ್ಟಿಸಿದಳು. ಆಚೆಯ ಅನಾಥ ಗೆರೆಯ ತುದಿಯನ್ನು ಇನ್ನೊಂದು ತುದಿಗೆ. ಎರಡು ಕಡೆಯ ಕೆಂಪು ಗುರುತು ಹೋಗಿ ಒಂಬತ್ತು ಮನೆ ಡಾಮರು ರಸ್ತೆಗೆ ಸೇರಿದವು. ವಿವರದ ಕಾಲಮಿನಲ್ಲಿ ‘ಸಾರ್ವಜನಿಕ ಕಾಲುದಾರಿ’ ಎಂದು ಬರೆದಳು.

“ನಿನ್ನ ಮಾಮನದ್ದೇ ತೋಟ,” ಎಂದರು ಜಿನೇಶ್. “ನಾಳೆ ಗಲಾಟೆ ಆದ್ರೆ ನಾನು ಜವಾಬ್ದಾರಿ ಅಲ್ಲ.”

ಹಾಳೆಯ ಮೂಲೆಯಲ್ಲಿ ತೊಳೆದವರ ಹೆಸರಿಗೆ ಒಂದು ಸಣ್ಣ ಚೌಕ ಇರುತ್ತದೆ. ಎಲ್ಲರೂ ಅದರಲ್ಲಿ ಒಂದಕ್ಷರ ಹಾಕಿ ಬಿಡುವುದು. ಅವಳು ಆ ದಿನ ಇಡೀ ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆದಳು. “ಯಾರು ಕೇಳಿದರೂ ನನ್ನನ್ನೇ ಕೇಳಲಿ ಸರ್,” ಎಂದಳು. ನಾನು ನನ್ನ ಹೆಸರನ್ನೂ ಪಕ್ಕದಲ್ಲಿ ಹಾಕಿಸಿದೆ. ನಾನು ಮಾಡಿದ ಧೈರ್ಯದ ಕೆಲಸ ಅದೊಂದೇ, ಅದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ.

ಹಾಳೆ ಹದಿನೈದು ದಿನ ಪಂಚಾಯತಿನ ಗೋಡೆಯಲ್ಲಿತ್ತು. ನಾಸಿರ್ ಆಕ್ಷೇಪ ಬರೆದುಕೊಟ್ಟ. ಮೆಂಬರುಗಳು ಬಂದು ನೋಡಿದರು. ಒಂಬತ್ತು ಮನೆಯವರೂ ಬಂದು ನಿಂತರು, ಯಾರೂ ಏನನ್ನೂ ಬೇಡಲಿಲ್ಲ, ಎಷ್ಟು ವರ್ಷದಿಂದ ನಡೆಯುತ್ತಿದ್ದೇವೆ ಎಂದು ಮಾತ್ರ ಹೇಳಿದರು. ಗೋಡೆ ಎದ್ದಿತು, ಎರಡು ಕಡೆಯೂ ದಾರಿಗೆ ಜಾಗ ಬಿಟ್ಟು.

ನಾಸಿರ್ ಮಾತ್ರ ಅಕ್ಕನ ಮನೆಗೆ ಕಾಲಿಡುವುದು ನಿಲ್ಲಿಸಿದ. ಪೆರ್ನಾಳಿಗೂ ಬರಲಿಲ್ಲ. ಆಯಿಶಮ್ಮ ಹಬ್ಬದ ದಿನ ಅವನ ಪಾಲಿನದ್ದನ್ನು ಡಬ್ಬಿಯಲ್ಲಿ ಹಾಕಿ ಸಂಜೆಯವರೆಗೆ ಬಾಗಿಲು ನೋಡಿ, ಆಮೇಲೆ ಪಕ್ಕದ ಮನೆಗೆ ಕೊಟ್ಟರಂತೆ. ಜಸೀಲಾ ಇದನ್ನು ನನಗೆ ಹೇಳಿದಳು. ತಪ್ಪು ಮಾಡಿದೆ ಎಂದು ಹೇಳಲಿಲ್ಲ, ನೋವಿಲ್ಲ ಎಂದೂ ಹೇಳಲಿಲ್ಲ.

2008ರಲ್ಲಿ ಅವಳಿಗೆ ಗುರುವಾಯನಕೆರೆಯ ಅಝೀಮನ ಜೊತೆ ಮದುವೆ ನಿಶ್ಚಯವಾಯಿತು. ತಾಯಿಯ ತಮ್ಮನನ್ನು ಮನೆಗೇ ಹೋಗಿ ಕರೆಯಬೇಕು, ಬೇರೆ ದಾರಿಯಿಲ್ಲ. ಆಯಿಶಮ್ಮನಿಗೆ ಒಬ್ಬರೇ ಹೋಗಲು ಕಾಲು ಬರಲಿಲ್ಲ. ಮದುಮಗಳು ಕರೆಯಲು ಹೋಗುವ ಕ್ರಮವಿಲ್ಲ ಎಂದು ನೆಂಟರು ಹೇಳಿದರೂ ಕೇಳದೆ ಜಸೀಲಾ ಜೊತೆಗೆ ಹೊರಟಳು. ಮೊದಲು ಸುತ್ತುಬಳಸಿ ಆಟೋದಲ್ಲಿ ನೆಕ್ಕರೆಮಾರಿಗೆ ಹೋಗಿ ಒಂಬತ್ತು ಮನೆಯವರನ್ನೂ ಕರೆದಳು. ಅಲ್ಲಿಂದ ಸಂಕ ದಾಟಿ, ಹುಣಿಯಲ್ಲಿ ನಡೆದು, ತೋಟದೊಳಗಿಂದ ತಾಯಿಯ ಕೈಹಿಡಿದು ಬಂದಳು. ಕೂಗು ಹಾಕಲಿಲ್ಲ. ನಂತರದ್ದು ಆಯಿಶಮ್ಮನೇ ನನಗೆ ಹೇಳಿದ್ದು.

ನಾಸಿರ್ ಜಗಲಿಯಲ್ಲಿ ಕೂತಿದ್ದನಂತೆ. ಅಕ್ಕನನ್ನು ಕಂಡು ಎದ್ದನಂತೆ, ಸೊಸೆಯ ಮುಖ ಮಾತ್ರ ನೋಡಲಿಲ್ಲವಂತೆ. ಅವರಿಬ್ಬರ ಕಾಲಿಗಂಟಿದ್ದ ತೋಟದ ಕೆಂಪು ಮಣ್ಣನ್ನು ನೋಡಿ ಕೇಳಿದನಂತೆ.

“ನನ್ನ ತೋಟದೊಳಗಿಂದ ಬಂದದ್ದಾ?”

ಜಸೀಲಾ ಅವನು ಕೂರಲು ಹೇಳುವವರೆಗೆ ಕಾಯದೆ ಅವನ ಪಕ್ಕದಲ್ಲಿಯೇ ಕೂತು, ಮದುವೆಯ ಕಾಗದವನ್ನು ಅವನ ಕೈಯಲ್ಲಿಟ್ಟಳು.

“ಅಲ್ಲ ಮಾಮ,” ಎಂದಳು. “ದಾರಿಯಲ್ಲಿ ಬಂದದ್ದು.”